ಸೇತುವೆಗೆ ಹೆಸರು ಬಂದದ್ದು ಅಣ್ಣನಿಂದ, ತಮ್ಮನಿಂದಲ್ಲ

ಮಾನ್ಯರೇ,

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯ ಬಳಿ ನೆಟ್ಟಿರುವ ಹೊಸ ಫಲಕದ ಬಗ್ಗೆ ತಮ್ಮ ಪತ್ರಿಕೆಯಲ್ಲಿ ನಿನ್ನೆ ಬಂದ ವರದಿ ಓದಿ ತೀರಾ ಬೇಸರವಾಯಿತು. ಫಲಕದಲ್ಲಿರುವ ತಪ್ಪನ್ನೇ ವರದಿಗಾರರೂ ಯಥಾವತ್ತಾಗಿ ಇಳಿಸಿದ್ದಾರೆ. ದಿವಾನ್ ಪೂರ್ಣಯ್ಯನವರು ಕಟ್ಟಿಸಿ 1804ರಲ್ಲಿ ಮುಗಿದ ಈ ಸೇತುವೆಗೆ ಇಟ್ಟದ್ದು ಆಗಿನ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿಯ ಹೆಸರನ್ನೇ ಹೊರತು, ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ತಮ್ಮ ಆರ್ಥರನದ್ದಲ್ಲ. ಫಲಕದಲ್ಲಿ ದಪ್ಪ ಹಳದಿ ಅಕ್ಷರಗಳಲ್ಲಿ ಬರೆದಿರುವ ‘ವೆಲ್ಲಿಂಗ್ಟನ್ ಡ್ಯೂಕ್’ ಪದವಿ ಆರ್ಥರನಿಗೆ ಸಿಕ್ಕಿದ್ದೇ 1814ರಲ್ಲಿ.

ರಿಚರ್ಡ್ ಹುಟ್ಟಿದ್ದು 1760ರಲ್ಲಿ, ಐರ್ಲೆಂಡಿನ ಮೀತ್ ಕೌಂಟಿಯಲ್ಲಿ. ತಂದೆ ಮಾರ್ನಿಂಗ್ಟನ್ ಅರ್ಲ್ ಗ್ಯಾರೆಟ್, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಸಂಗೀತದ ಪ್ರಾಧ್ಯಾಪಕನಾಗಿದ್ದವನು. 1781ರಲ್ಲಿ ಅವನು ಸಾಲ ಬಿಟ್ಟು ತೀರಿಕೊಂಡಾಗ ತಮ್ಮಂದಿರ ಭಾರವೆಲ್ಲ ಹಿರಿಯ ಮಗನ ಮೇಲೆ ಬಿತ್ತು. ಆರ್ಥರನಿಗೆ ಸೈನ್ಯದಲ್ಲಿ ಕೆಲಸ ಕೊಡಿಸಲು ಪತ್ರ ಬರೆದವನೂ ಈ ಅಣ್ಣನೇ. ಟಿಪ್ಪುವಿನ ವಿರುದ್ಧದ 1799ರ ಯುದ್ಧದಲ್ಲಿ ರಿಚರ್ಡ್ ಮದರಾಸಿನಲ್ಲಿದ್ದ. ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ಸೇನಾನಿ ಬೇರ್ಡನನ್ನು ಬದಿಗಿಟ್ಟು ಪಟ್ಟಣದ ಅಧಿಕಾರವನ್ನು ಆರ್ಥರನಿಗೇ ಕೊಡಲಾಯಿತು. ಗೆಲುವಿಗೆ ಪ್ರತಿಯಾಗಿ ರಿಚರ್ಡನಿಗೆ ಬಂದದ್ದು ಐರಿಶ್ ಮಾರ್ಕ್ವೆಸ್ ಪದವಿ. ಇಂಗ್ಲೆಂಡಿನ ಪದವಿ ಸಿಗಲಿಲ್ಲವೆಂದು ಅವನು ಕುದಿದುಹೋದ. ಫ್ರಾನ್ಸಿನವಳಾದ ಹೆಂಡತಿ ಹಯಾಸಿಂತ್ ಭಾರತಕ್ಕೆ ಬರಲೇ ಇಲ್ಲ. ನಮ್ಮ ನಾಡಿನ ಹಣೆಬರಹ ಬದಲಿಸಿದ ಮನೆತನವಿದು. ಅಣ್ಣ ಯಾರು, ತಮ್ಮ ಯಾರು ಎಂಬುದಾದರೂ ಸರಿಯಾಗಿ ತಿಳಿದಿರಬೇಡವೇ?

ಬೇಸಿಗೆ ರಜೆಗೆ ಬಂದಿದ್ದ ತಂಗಿಯ ಮಕ್ಕಳನ್ನು ಕರೆದುಕೊಂಡು ಹೋಗಿ, ನೆರಳಿಲ್ಲದ ಆ ಜಾಗದಲ್ಲಿ ನಿಂತು ಇದನ್ನೆಲ್ಲ ವಿವರಿಸಿದರೆ, ಮಕ್ಕಳು ಫಲಕ ತೋರಿಸಿ ನನ್ನನ್ನೇ ಸುಳ್ಳುಗಾರನನ್ನಾಗಿ ಮಾಡಿದರು. ಅಲ್ಲಿಂದ ನೇರವಾಗಿ ಸಂಬಂಧಪಟ್ಟ ಕಚೇರಿಗೆ ಹೋದರೆ ಸಾಹೇಬರು ಮೀಟಿಂಗಿನಲ್ಲಿದ್ದರು. ಗುಮಾಸ್ತರು ಅರ್ಜಿಯನ್ನು ಟಪಾಲಿಗೆ ಹಾಕಿ ಹೋಗಿ ಎಂದರು, ಸ್ವೀಕೃತಿ ಕೇಳಿದ್ದಕ್ಕೆ ಸಿಡುಕಿದರು. ಮಕ್ಕಳಿಗೆ ಕುಡಿಯಲು ನೀರೂ ಸಿಗಲಿಲ್ಲ, ನನ್ನ ಅರ್ಧ ದಿನದ ಕೆಲಸವೂ ಕೆಟ್ಟಿತು. ಸೇತುವೆಯ ಕಲ್ಲುಕಂಬಗಳ ಸಂದಿನಲ್ಲಿ ಬೇರುಬಿಟ್ಟ ಗಿಡಗಳನ್ನು ಕೀಳಿಸಿರೆಂದು ಹಿಂದೆ ಕೊಟ್ಟ ಅರ್ಜಿಗೂ ಇದೇ ಗತಿಯಾಗಿತ್ತು. ಗಿಡ ಕೀಳಲು ಇಲ್ಲದ ಹಣ ಫಲಕಕ್ಕೆ ಮಾತ್ರ ಎಲ್ಲಿಂದ ಬಂತು?

ಫಲಕವನ್ನು ಕೂಡಲೇ ತಿದ್ದಬೇಕು, ಇಲ್ಲವೇ ಕಿತ್ತುಹಾಕಬೇಕು. ತಾವೂ ತಿದ್ದುಪಡಿ ಪ್ರಕಟಿಸಬೇಕು. ಬರೆಸುವ ಮುನ್ನ ತಿಳಿದವರನ್ನು ಒಂದು ಮಾತು ಕೇಳುವಷ್ಟು ಜವಾಬ್ದಾರಿ ಈ ಅಧಿಕಾರಿಗಳಿಗೆ ಇನ್ನು ಮೇಲಾದರೂ ಬರಲಿ.

ಇಂತಿ,
ನೊಂದ ಓದುಗ,
ಗಂಜಾಂ, ಶ್ರೀರಂಗಪಟ್ಟಣ