ದುಡ್ಡು ಕಟ್ಟುತ್ತೇನೆ, ಎಲ್ಲಿ ಕಟ್ಟಲಿ ಹೇಳಿ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,

ನಮಸ್ಕಾರ. ನಾನು ಬೆಂಗಳೂರಿನ ಬಸವೇಶ್ವರನಗರದವಳು. ಬ್ಯಾಂಕಿನಲ್ಲಿ 34 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ನಿಮ್ಮ ಹತ್ತಿರ ಏನೋ ಕೇಳಿಕೊಂಡು ಬಂದಿದ್ದಾಳೆ ಅಂದುಕೊಳ್ಳಬೇಡಿ. ಸಾಲ ಮನ್ನಾ ಬೇಡ, ಸೈಟು ಬೇಡ, ಶಿಫಾರಸು ಪತ್ರವೂ ಬೇಡ. ನಮ್ಮ ಮನೆಗೆಲಸದವರ ವಿಮೆಗೆ ನಾನೇ ದುಡ್ಡು ಕಟ್ಟಬೇಕು ಅಂತಿದ್ದೇನೆ. ಎಲ್ಲಿ ಕಟ್ಟಬೇಕು ಅನ್ನೋದನ್ನು ಮಾತ್ರ ಯಾರೂ ಹೇಳುತ್ತಿಲ್ಲ.

ನಮ್ಮ ಮನೆಗೆ ಕೆಲಸಕ್ಕೆ ಬರುವವರು ಹನ್ನೊಂದು ವರ್ಷದಿಂದ ಕಾಮಾಕ್ಷಿಪಾಳ್ಯದಿಂದ ನಡೆದುಕೊಂಡೇ ಬರುತ್ತಿದ್ದಾರೆ. ಹೆಸರು ಬರೆಯುವುದಿಲ್ಲ, ಅವರಿಗೆ ಇಷ್ಟವಿಲ್ಲ. ವಯಸ್ಸು 47. ಮೊದಲು ಪಾತ್ರೆ, ಕಸ, ನೆಲ ಒರೆಸೋದು ಅಷ್ಟೇ ಇತ್ತು. ಮೂರು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಲಕ್ವ ಹೊಡೆದ ಮೇಲೆ ಅವರನ್ನು ಹಿಡಿದು ಎಬ್ಬಿಸಿ ಕುರ್ಚಿಗೆ ಕೂರಿಸುವುದೂ ಸೇರಿಕೊಂಡಿತು. ನನ್ನ ಮೊಣಕಾಲಿಗೆ ಅದು ಆಗದ ಮಾತು. ತಿಂಗಳಿಗೆ 6,500 ಕೊಡುತ್ತೇನೆ. ಕಡಿಮೆ ಅಂತ ನನಗೇ ಒಮ್ಮೊಮ್ಮೆ ಅನ್ನಿಸುತ್ತದೆ. ನಮ್ಮ ಮನೆ ಮುಗಿಸಿಕೊಂಡು ಇನ್ನೂ ಮೂರು ಮನೆಗೆ ಹೋಗುತ್ತಾರೆ.

2025ರ ಗೌರಿ ಹಬ್ಬಕ್ಕೆ ಮೂರು ದಿನ ಇರುವಾಗ ಸಜ್ಜಾ ಮೇಲಿನ ಹಿತ್ತಾಳೆ ಪಾತ್ರೆ ಇಳಿಸಿಕೊಡಿ ಅಂತ ನಾನೇ ಕೇಳಿದೆ. ಹುಣಸೆಹಣ್ಣು ನೆನೆಹಾಕಿಟ್ಟಿದ್ದೆ. ಸ್ಟೂಲು ಜಾರಿತು. ತಪ್ಪಲೆಯ ಸಮೇತ ಕೆಳಗೆ ಬಿದ್ದರು. ಬಲಗೈ ಮಣಿಕಟ್ಟು ನೋಡನೋಡುತ್ತಲೇ ಊದಿಕೊಂಡಿತು. ಅವರ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ ಸಚಿವರೇ? "ಅಮ್ಮಾ, ತಪ್ಪಲೆ ಸೊಟ್ಟ ಆಯ್ತಾ?"

ಆ ತಪ್ಪಲೆಯನ್ನು ನಾನು ಆ ಹಬ್ಬಕ್ಕೆ ಹೊರಗೆ ತೆಗೆಯಲಿಲ್ಲ.

ಆಟೋದಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಯ ಮುಂದೆಯೇ ಹಾದುಹೋದೆವು. ಅಷ್ಟು ದೊಡ್ಡ ಆಸ್ಪತ್ರೆ, ಕಟ್ಟಿರುವುದೇ ಕಾರ್ಮಿಕರಿಗಾಗಿ. ಪಕ್ಕದಲ್ಲಿ ಕೈ ಹಿಡಿದುಕೊಂಡು ಕೂತಿದ್ದವರೂ ಕಾರ್ಮಿಕರೇ. ಆದರೆ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ, ಕಾರ್ಡ್ ಇಲ್ಲ. ಮುಂದೆ ಹೋಗಿ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆ. ಪ್ಲೇಟ್ ಹಾಕಿದರು. ಬಿಲ್ಲು 84 ಸಾವಿರ. ಖರ್ಚು ಸರ್ಕಾರದ ಯೋಜನೆಯಲ್ಲಿ ಸಿಗಬೇಕಾದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ಅಲ್ಲಿಂದ ಚೀಟಿ ಬರೆಸಿಕೊಳ್ಳಬೇಕಿತ್ತು ಅಂತ ಆಮೇಲೆ ಹತ್ತು ಜನ ಬುದ್ಧಿ ಹೇಳಿದರು. ಮೂಳೆ ಮುರಿದು ಒದ್ದಾಡುವವರನ್ನು ಪಕ್ಕದಲ್ಲಿ ಕೂರಿಸಿಕೊಂಡಾಗ ಚೀಟಿ ಯಾರಿಗೆ ನೆನಪಾಗುತ್ತದೆ?

ಬಿಲ್ಲು ನಾನು ಕಟ್ಟಿದೆ. ಹೊಗಳಿ ಅಂತ ಹೇಳುತ್ತಿಲ್ಲ, ಬಿದ್ದದ್ದು ನನ್ನ ಮನೆಯಲ್ಲಿ, ನನ್ನ ಮಾತಿಗೆ. ಆದರೆ ಎರಡೂವರೆ ತಿಂಗಳು ಅವರು ಕೆಲಸಕ್ಕೆ ಬರುವ ಹಾಗಿರಲಿಲ್ಲ. ಉಳಿದ ಮೂರು ಮನೆಗಳಲ್ಲಿ ಒಂದು ಮನೆಯವರು ಎರಡೇ ದಿನಕ್ಕೆ ಬೇರೆಯವರನ್ನು ಇಟ್ಟುಕೊಂಡರು. ಇನ್ನೊಂದು ಮನೆಯವರು "ಸಂಬಳ ನಾವ್ಯಾಕೆ ಕೊಡ್ಬೇಕು, ಬಿದ್ದಿದ್ದು ನಿಮ್ಮ ಮನೇಲಿ ತಾನೇ" ಅಂತ ನನಗೇ ಫೋನ್ ಮಾಡಿ ಹೇಳಿದರು. ದುಡ್ಡು ಸಾಲದೆ ನಮ್ಮ ಕೆಲಸದವರು ಕೈಬಳೆ ಅಡ ಇಟ್ಟರು.

ಅವರ ಮಗಳು ಯಶವಂತಪುರದ ಕಡೆ ಒಂದು ಆಫೀಸಿನಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಾಳೆ. ಅವಳಿಗೆ ಪಿಎಫ್ ಇದೆ, ಇಎಸ್‌ಐ ಇದೆ. ಅವಳೂ ನೆಲ ಒರೆಸುತ್ತಾಳೆ, ತಾಯಿಯೂ ಒರೆಸುತ್ತಾರೆ. ಅದೇ ಮಾಪು, ಅದೇ ಫಿನಾಯಿಲು. ಮಗಳು ಅಲ್ಲಿ ಬಿದ್ದು ಕೈ ಮುರಿದುಕೊಂಡಿದ್ದರೆ ಆಸ್ಪತ್ರೆ ಖರ್ಚು ವಿಮೆಯಲ್ಲೇ ಹೋಗುತ್ತಿತ್ತು, ಮನೆಯಲ್ಲಿ ಕೂತ ದಿನಗಳಿಗೆ ಸಂಬಳದ ಶೇ 90 ಕೈಗೆ ಬರುತ್ತಿತ್ತು. ತಾಯಿ ಬಿದ್ದದ್ದು ಅಡುಗೆಮನೆಯಲ್ಲಿ. ಅಷ್ಟೇ ವ್ಯತ್ಯಾಸ.

ಇನ್ನು ಸುಮ್ಮನಿರಬಾರದು ಅಂತ ಒಂದು ಕಚೇರಿಗೆ ಹೋದೆ. ಯಾವುದು ಅಂತ ಹೇಳುವುದಿಲ್ಲ. ಕೌಂಟರಿನಲ್ಲಿದ್ದವರಿಗೆ, "ನಮ್ಮ ಮನೆ ಕೆಲಸದವರಿಗೆ ಇಎಸ್‌ಐ ಕಟ್ಟಬೇಕು, ಮಾಲೀಕರ ಪಾಲು ಶೇ 3.25, ಅವರ ಪಾಲು 0.75, ಎರಡೂ ನಾನೇ ಕೊಡುತ್ತೇನೆ" ಅಂದೆ. ಲೆಕ್ಕ ಬರೆದುಕೊಂಡೇ ಹೋಗಿದ್ದೆ, ಬ್ಯಾಂಕಿನ ಚಾಳಿ.

"ಸಂಸ್ಥೆ ಹೆಸರು?" ಅಂದರು.

"ಸಂಸ್ಥೆ ಅಲ್ಲ, ಮನೆ."

"ಎಷ್ಟು ಜನ ಕೆಲಸಗಾರರು?"

"ಒಬ್ಬರು."

"ಹತ್ತು ಜನ ಇರ್ಬೇಕು ಮೇಡಂ. ಇನ್ನೂ ಒಂಬತ್ತು ಜನನ್ನ ಇಟ್ಕೊಂಡು ಬನ್ನಿ."

ಪಕ್ಕದ ಟೇಬಲ್ಲಿನವರು ನಕ್ಕರು. ನನಗೂ ಒಂದು ಕ್ಷಣ ನಗು ಬಂತು, ಸುಳ್ಳು ಯಾಕೆ ಹೇಳಲಿ. ಎರಡು ರೂಮಿನ ಮನೆಯಲ್ಲಿ ಹತ್ತು ಜನ ಕಸ ಗುಡಿಸುತ್ತಿದ್ದರೆ ನಾನೂ ಯಜಮಾನರೂ ಮಂಚದ ಮೇಲೇ ಇರಬೇಕಾಗುತ್ತದೆ. ಹೊರಡುವಾಗ ಅವರೇ ಕರೆದು, "ಯಾಕೆ ಮೇಡಂ ಸುಮ್ನೆ ಇಲ್ಲದ ತಲೆನೋವು? ಹಬ್ಬಕ್ಕೆ ಒಂದು ಸೀರೆ ಕೊಡಿ, ಖುಷಿಯಾಗ್ತಾರೆ" ಅಂದರು. ಇದನ್ನು ಮಾತ್ರ ನನಗೆ ಮರೆಯಲಾಗುತ್ತಿಲ್ಲ. ಹನ್ನೊಂದು ವರ್ಷದಿಂದ ಸೀರೆ ಕೊಡುತ್ತಲೇ ಇದ್ದೇನೆ ಸ್ವಾಮಿ. ಸೀರೆ ಕೊಟ್ಟರೆ ಪ್ಲೇಟ್ ಹಾಕುತ್ತಾರಾ?

ಬೇರೆ ದಾರಿ ಇದೆಯಲ್ಲ ಅಂತ ನೀವು ಹೇಳಬಹುದು. ಎಲ್ಲವನ್ನೂ ನೋಡಿದೆ. ಅಸಂಘಟಿತ ಕಾರ್ಮಿಕರ ಹೆಸರು ನೋಂದಾಯಿಸುವ ಇ-ಶ್ರಮ್ ಕಾರ್ಡ್ ಮಾಡಿಸಿದೆ. ಹನ್ನೆರಡು ಅಂಕಿಯ ನಂಬರ್ ಬಂತು, ಲ್ಯಾಮಿನೇಷನ್ ಮಾಡಿಸಿ ದೇವರ ಪಟದ ಹಿಂದೆ ಇಟ್ಟಿದ್ದಾರೆ. ಶ್ರಮಯೋಗಿ ಮಾನ್‌ಧನ್ ಪಿಂಚಣಿಗೆ ಸೇರುವ ಬಾಗಿಲು 40ನೇ ವಯಸ್ಸಿಗೆ ಮುಚ್ಚುತ್ತದೆ, ಅಟಲ್ ಪಿಂಚಣಿಯೂ 40ಕ್ಕೇ. ಇವರಿಗೆ 47. ವರ್ಷಕ್ಕೆ 20 ರೂಪಾಯಿಯ ಸುರಕ್ಷಾ ಬಿಮಾ ಯೋಜನೆಯನ್ನು ಬ್ಯಾಂಕಿನಲ್ಲಿ ನಾನೇ ಎಷ್ಟೋ ಜನರಿಗೆ ಮಾಡಿಸಿದ್ದೆ, ಇವರಿಗೂ ಮಾಡಿಸಿದ್ದೆ. ಅದು ಅಪಘಾತದಲ್ಲಿ ಸತ್ತರೆ ಕೊಡುತ್ತದೆ, ಕೈಕಾಲು ಶಾಶ್ವತವಾಗಿ ಹೋದರೆ ಕೊಡುತ್ತದೆ. ಮುರಿದು ಕೂಡಿಕೊಳ್ಳುವ ಕೈಗೆ ಏನೂ ಇಲ್ಲ. ಆ ಕೈ ಕೂಡಿಕೊಂಡಿದ್ದೇ ತಪ್ಪಾಯಿತು ನೋಡಿ.

ನಿಮಗೆ ನಿಯಮ ಗೊತ್ತಿಲ್ಲ ಅಂತ ನಾನು ಅಂದುಕೊಂಡಿಲ್ಲ. ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಮಾಡಿದ ಮೊದಲ ರಾಜ್ಯ ನಮ್ಮದು, 2004ರಲ್ಲಿ. ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆ ಕಾಯ್ದೆ ಬಂದದ್ದು 2008ರಲ್ಲಿ. ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ನನ್ನ ಮನೆಯನ್ನೂ ಕೆಲಸದ ಜಾಗ ಅಂತ ಒಪ್ಪಿಕೊಂಡಿದೆ. ಅಂದ ಮೇಲೆ ವಿಮೆಯ ವಿಷಯಕ್ಕೆ ಬಂದಾಗ ಅದೇ ಮನೆ ಯಾಕೆ ಮಾಯವಾಗುತ್ತದೆ? ನಮ್ಮ ಗೇಟಿಗೆ ಊಟ, ಔಷಧಿ ತರುವ ಡೆಲಿವರಿ ಹುಡುಗರಿಗೆ 2025ರಲ್ಲಿ ನೀವೇ ಕಾನೂನು ಮಾಡಿದಿರಿ. ಅವರಿಗೆ ಕೊಡುವ ಹಣದ ಶೇ 1ರಿಂದ 5ರವರೆಗೆ ಕಂಪನಿಗಳಿಂದ ವಸೂಲಿ. ಒಳ್ಳೆಯದೇ ಆಯಿತು, ಪಾಪ, ಮಳೆಯಲ್ಲಿ ನೆನೆದುಕೊಂಡು ಬರುತ್ತವೆ. ಆದರೆ ಗೇಟಿನವರೆಗೆ ಬಂದ ಕಾನೂನು ಅಡುಗೆಮನೆಯವರೆಗೆ ಬರಲಿಲ್ಲ.

ವಸೂಲಿ ಮಾಡುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯೇನಲ್ಲ. ಮೇಲಿನ ಅಂತಸ್ತು ಕಟ್ಟುವಾಗ ಪ್ಲಾನ್ ಮಂಜೂರಾಗುವ ಮೊದಲೇ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆ ಅಂತ ಶೇ 1 ಸೆಸ್ ಕಟ್ಟಿಸಿಕೊಂಡರು. ಚಲನ್ ಇತ್ತು, ರಸೀದಿ ಇತ್ತು, ಎಲ್ಲಾ ಅರ್ಧ ಗಂಟೆಯ ಕೆಲಸ. ಎರಡು ವರ್ಷ ಕಟ್ಟಡ ಕಟ್ಟಿದವರ ಲೆಕ್ಕ ಇಟ್ಟುಕೊಳ್ಳಲು ಬರುತ್ತದೆ, ಹನ್ನೊಂದು ವರ್ಷದಿಂದ ಆ ಕಟ್ಟಡದ ನೆಲ ಒರೆಸುತ್ತಿರುವವರ ಲೆಕ್ಕ ಬರುವುದಿಲ್ಲ.

ಮನೆಗೆಲಸದವರಿಗಾಗಿ ನಿಮ್ಮ ಇಲಾಖೆ ಮಾಡಿದ 2025ರ ಕರಡು ಮಸೂದೆ ಓದಿದೆ. ನೋಂದಣಿ, ಬರವಣಿಗೆಯಲ್ಲಿ ಒಪ್ಪಂದ, ಸಂಬಳದ ಮೇಲೆ ಶೇ 5ರವರೆಗೆ ಕಲ್ಯಾಣ ಶುಲ್ಕ. ನಮ್ಮ ರಸ್ತೆಯಲ್ಲಿ ಇದಕ್ಕೆ ಗೊಣಗುವವರು ಇದ್ದಾರೆ. "ಇನ್ನು ಮನೆಗೂ ಇನ್‌ಸ್ಪೆಕ್ಟರ್ ಬರ್ತಾನೆ" ಅಂತ ಪಾರ್ಕಿನಲ್ಲಿ ವಾಕಿಂಗ್ ಮಾಡುತ್ತಾ ಮಾತಾಡುತ್ತಾರೆ. ಬರಲಿ ಬಿಡಿ, ಕಾಫಿ ಕೊಡೋಣ. ಆದರೆ ಒಂದು ಮಾತು. ನಾಲ್ಕು ಮನೆಯಲ್ಲಿ ದುಡಿಯುವವರಿಗೆ ಮಾಲೀಕರು ಯಾರು ಅಂತ ನಾಲ್ಕು ಮನೆಯವರೂ ಒಬ್ಬರ ಮುಖ ಒಬ್ಬರು ನೋಡುವಂತೆ ಮಾಡಬೇಡಿ. ಅವರ ಹೆಸರಿನಲ್ಲಿ ಒಂದೇ ಖಾತೆ ಇರಲಿ. ಯಾವ ಮನೆಯವರು ಎಷ್ಟು ಸಂಬಳ ಕೊಡುತ್ತಾರೋ ಅದರ ಪಾಲು ಆ ಖಾತೆಗೆ ಹೋಗಲಿ. ಕರೆಂಟ್ ಬಿಲ್ ಕಟ್ಟಿದ ಹಾಗೆ ಫೋನಿನಲ್ಲೇ ಕಟ್ಟುತ್ತೇವೆ. ಕೈ ಮುರಿದಾಗ ಆ ಖಾತೆಯಿಂದ ಆಸ್ಪತ್ರೆಗೂ ಸಿಗಬೇಕು, ಕೆಲಸವಿಲ್ಲದ ತಿಂಗಳಿಗೂ ಸಿಗಬೇಕು. ಬರೀ ಸತ್ತ ಮೇಲೆ ಕೊಡುವ ಇನ್ನೊಂದು ಕಾರ್ಡ್ ದಯವಿಟ್ಟು ಬೇಡ. ದೇವರ ಪಟದ ಹಿಂದೆ ಜಾಗ ಇಲ್ಲ.

ಮಸೂದೆ ಕಾನೂನಾಗುವವರೆಗೆ ಕಾಯಿರಿ ಅನ್ನುತ್ತೀರಾ? ಕಾಯುತ್ತೇನೆ, ಬೇರೇನು ಮಾಡಲಿ. ಆದರೆ ಇಷ್ಟಪಟ್ಟು ಕಟ್ಟುವವರಿಂದ ಈಗಲೇ ತೆಗೆದುಕೊಳ್ಳಲು ಏನು ಅಡ್ಡಿ? ಒಂದು ಖಾತೆ ತೆರೆಯಿರಿ, ಒಂದು ಚಲನ್ ಮಾಡಿಸಿ. ದುಡ್ಡು ಕಟ್ಟುತ್ತೇನೆ, ಎಲ್ಲಿ ಅಂತ ಮಾತ್ರ ಹೇಳಿ.

ಅವರು ಈಗ ಮತ್ತೆ ಬರುತ್ತಿದ್ದಾರೆ. ಬಲಗೈಯಲ್ಲಿ ಬಟ್ಟೆ ಹಿಂಡಲು ಆಗುವುದಿಲ್ಲ. ಒಂದು ತುದಿಯನ್ನು ನಲ್ಲಿಗೆ ಸುತ್ತಿ ಎಡಗೈಯಲ್ಲಿ ತಿರುಚುತ್ತಾರೆ. ಸ್ಟೂಲನ್ನು ನಾನು ಗುಜರಿಗೆ ಹಾಕಿದೆ. ಪ್ರತಿ ತಿಂಗಳು 1ನೇ ತಾರೀಖು 6,500 ಕೈಗೆ ಕೊಟ್ಟು, ಅದರ ಶೇ 5, ಅಂದರೆ 325 ರೂಪಾಯಿ, ಬೇರೆ ಕವರಿಗೆ ಹಾಕಿ ಬೀರುವಿನಲ್ಲಿ ಇಡುತ್ತಿದ್ದೇನೆ. ಕವರಿನ ಮೇಲೆ ತಿಂಗಳು, ಮೊತ್ತ ಬರೆದಿದ್ದೇನೆ. ಖಾತೆ ನಂಬರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಇಂತಿ,
ಬಸವೇಶ್ವರನಗರದ ಒಬ್ಬ ಮಾಲೀಕಳು (ಹಾಗೆ ಕರೆದುಕೊಳ್ಳಲು ಕಾನೂನು ಒಪ್ಪಿದರೆ)