ಮಗಳಿಗೊಂದು ಪತ್ರ: ಅನ್ನ ಬಿಡಬೇಡ, ಟೀ ಸ್ವಲ್ಪ ತಡ ಮಾಡು

ಪುಟ್ಟಿ,

ರಕ್ತಪರೀಕ್ಷೆಯ ರಿಪೋರ್ಟ್ ನೋಡಿದೆ. ಹಿಮೋಗ್ಲೋಬಿನ್ ಕಡಿಮೆ ಇದೆ, ಕಬ್ಬಿಣದಂಶ ಸಾಲದು ಅಂತ ಡಾಕ್ಟರೂ ಹೇಳಿದ್ದಾರೆ. ಅದರ ಬೆನ್ನಲ್ಲೇ ನಿನ್ನ ಮೆಸೇಜು: ಇವತ್ತಿಂದ ಅನ್ನ ಬಂದ್, ಎಣ್ಣೆ ಬಂದ್, ಸಂಜೆ ಊಟವೂ ಬಂದ್. ಯಾಕಮ್ಮಾ? ಮೈಯಲ್ಲಿ ಏನೋ ಕಡಿಮೆ ಇದೆ ಅಂದರೆ ತಟ್ಟೆಗೆ ಏನಾದರೂ ಬರಬೇಕು ತಾನೇ, ನೀನು ಇದ್ದದ್ದನ್ನೂ ಎತ್ತಿಡುತ್ತಿದ್ದೀಯ.

ಅನ್ನ ತಿನ್ನು. ಅನ್ನದ ಪಕ್ಕ ಏನಿದೆ ಅನ್ನೋದು ಮುಖ್ಯ. ತಟ್ಟೆಯ ಅರ್ಧದಷ್ಟು ತರಕಾರಿ ಸೊಪ್ಪು ಇರಲಿ, ಇನ್ನರ್ಧದಲ್ಲಿ ಅನ್ನವೂ ಕಾಳೂ ಹೊಂದಿಕೊಳ್ಳಲಿ. ಕಾಳಿನ ಜಾಗದಲ್ಲಿ ಒಂದೊಂದು ದಿನ ಮೊಟ್ಟೆಯೋ ಮೀನೋ ಬಂದರೂ ಸರಿ.

ಈಗ ಕಬ್ಬಿಣದ ವಿಷಯ, ಇದನ್ನು ಸ್ವಲ್ಪ ನಿಧಾನವಾಗಿ ಓದು. ಮಾಂಸ, ಮೀನಿನಲ್ಲಿರುವ ಕಬ್ಬಿಣ ಮೈಗೆ ಸುಲಭವಾಗಿ ಸೇರುತ್ತದೆ. ಕಾಳು, ಬೇಳೆ, ಸೊಪ್ಪಿನಲ್ಲಿರುವುದು ಅಷ್ಟು ಸುಲಭಕ್ಕೆ ಸೇರಲ್ಲ, ಅದರ ಜೊತೆಗೆ ಇನ್ನೇನು ತಿಂದೆ ಅನ್ನೋದರ ಮೇಲೆ ಎಷ್ಟು ಸೇರುತ್ತದೆ ಅನ್ನೋದು ನಿಂತಿರುತ್ತದೆ. ವಿಟಮಿನ್ ಸಿ ಇದ್ದರೆ ಜಾಸ್ತಿ ಸೇರುತ್ತದೆ. ಹಾಗಾಗಿ ಬೆಂದ ಕಾಳಿಗೆ ನಿಂಬೆಹಣ್ಣು ಹಿಂಡು, ಆದರೆ ಒಲೆ ಆರಿಸಿದ ಮೇಲೆ, ಏಕೆಂದರೆ ಬಿಸಿ ತಾಗಿದಷ್ಟೂ ಆ ವಿಟಮಿನ್ ಹಾಳಾಗುತ್ತದೆ. ನಿಂಬೆ ಇಲ್ಲದಿದ್ದರೆ ಹಸಿ ಟೊಮೆಟೊ, ಸೀಬೆ, ಕಿತ್ತಳೆ ಯಾವುದಾದರೂ ಆದೀತು. ಇನ್ನು ಟೀ, ಕಾಫಿ ಮಾಡೋ ಕೆಲಸ ಇದಕ್ಕೆ ಉಲ್ಟಾ. ಅವುಗಳಲ್ಲಿರುವ ಒಗರಿನ ಅಂಶ ಕಬ್ಬಿಣವನ್ನು ಹಿಡಿದಿಟ್ಟುಕೊಂಡು ಮೈಗೆ ಸೇರೋಕೆ ಬಿಡಲ್ಲ. ನೀನು ಊಟದ ಕೊನೆ ತುತ್ತು ನುಂಗುವ ಮೊದಲೇ ಟೀಗೆ ನೀರಿಡುತ್ತೀಯ ಅಲ್ವಾ? ಟೀ ಬಿಡು ಅಂತ ನಾನು ಹೇಳಲ್ಲ, ಹೇಳಿದರೂ ನೀನು ಕೇಳಲ್ಲ. ಒಂದು ಗಂಟೆ ತಡ ಮಾಡು, ಸಾಕು.

ಪಾಲಕ್ ಸೊಪ್ಪು ತಿಂದರೆ ರಕ್ತ ಉಕ್ಕಿ ಬರುತ್ತದೆ ಅನ್ನೋ ಮಾತನ್ನು ಮಾತ್ರ ನಂಬಬೇಡ. ತಿನ್ನು, ಒಳ್ಳೆಯದೇ. ಆದರೆ ದೊಡ್ಡ ಕಟ್ಟು ಬೇಯಿಸಿದರೆ ಒಂದು ಹಿಡಿ ಆಗುತ್ತದೆ, ಅದರಲ್ಲಿರುವ ಕಬ್ಬಿಣವೂ ಪೂರ್ತಿ ದಕ್ಕಲ್ಲ. ನನಗೆ ಕೇಳಿದರೆ ಕಾಳುಗಳೇ ವಾಸಿ, ಪ್ರೋಟೀನೂ ಸಿಗುತ್ತದೆ.

ಕಾಳನ್ನು ರಾತ್ರಿಯೇ ನೆನೆಹಾಕು, ಬೆಳಗ್ಗೆ ಆ ನೀರು ಚೆಲ್ಲಿ ಹೊಸ ನೀರಲ್ಲಿ ಬೇಯಿಸು. ಬೆಂದಿದೆಯಾ ಅಂತ ನೋಡೋಕೆ ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳಿನ ಮಧ್ಯೆ ಒತ್ತು. ಸಿಪ್ಪೆ ಜಾರಿ ಒಳಗಿನದು ಬೆಣ್ಣೆ ಥರ ನುಣ್ಣಗಾಗಬೇಕು, ನಡುವೆ ಹರಳು ಸಿಕ್ಕರೆ ಇನ್ನೂ ಬೇಯಲಿ. ರಾಜ್ಮಾ ವಿಷಯದಲ್ಲಂತೂ ಸುಮ್ನೆ ಅಂದಾಜು ಬೇಡ. ಹಸಿ ರಾಜ್ಮಾದಲ್ಲಿ ವಾಂತಿ ತರಿಸುವ ವಿಷದ ಅಂಶ ಇರುತ್ತದೆ. ಕನಿಷ್ಠ 5 ಗಂಟೆ ನೆನೆದು, ಆಮೇಲೆ ಕಡಿಮೆ ಅಂದರೂ 10 ನಿಮಿಷ ಕೊತಕೊತ ಕುದಿದರೆ ಮಾತ್ರ ಅದು ಹೋಗುತ್ತದೆ. ಅಷ್ಟಾದ ಮೇಲೂ ಮೆತ್ತಗಾಗುವ ತನಕ ಬೇಯಲಿ. ಕುಕ್ಕರ್ ಆದರೆ ಚಿಂತೆಯಿಲ್ಲ. ಸಣ್ಣ ಬಿಸಿಯಲ್ಲೇ ಗಂಟೆಗಟ್ಟಲೆ ಬೇಯಿಸುವ ಎಲೆಕ್ಟ್ರಿಕ್ ಪಾತ್ರೆಗೆ ಹಸಿ ರಾಜ್ಮಾ ಹಾಗೇ ಹಾಕಬೇಡ.

ಎಣ್ಣೆಯನ್ನೂ ಪೂರ್ತಿ ಬಿಡಬೇಕಿಲ್ಲ. ಕ್ಯಾರೆಟ್, ಸೊಪ್ಪಿನಲ್ಲಿರುವ ವಿಟಮಿನ್ ಎ ಮೈಗೆ ಹತ್ತೋಕೆ ಸ್ವಲ್ಪ ಜಿಡ್ಡು ಬೇಕೇ ಬೇಕು. ಆದರೆ ಬಾಟಲಿ ಬಗ್ಗಿಸಿ ಸುರಿಯಬೇಡ, ಚಮಚದಲ್ಲಿ ಅಳೆದು ಹಾಕು. ಒಂದು ಟೇಬಲ್ ಚಮಚ ಎಣ್ಣೆ ಅಂದರೆ ಸುಮಾರು 120 ಕ್ಯಾಲೊರಿ, ಬಗ್ಗಿಸಿ ಸುರಿದರೆ ಮೂರು ಚಮಚ ಹೋಗಿದ್ದೂ ಗೊತ್ತಾಗಲ್ಲ. ಉಪ್ಪು ದಿನಕ್ಕೆ 5 ಗ್ರಾಂ ದಾಟಬಾರದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚ, ಅಷ್ಟೇ, ಬ್ರೆಡ್ಡು, ಬಿಸ್ಕತ್ತು, ಉಪ್ಪಿನಕಾಯಿ, ಪ್ಯಾಕೆಟ್ ನೂಡಲ್ಸ್ ಒಳಗಿರೋದೂ ಸೇರಿ.

ಹಾಂ, ಉಳಿದ ಅನ್ನ. ರಾತ್ರಿಯಿಡೀ ಒಲೆ ಮೇಲೇ ಬಿಟ್ಟು ಬೆಳಗ್ಗೆ ಬಿಸಿ ಮಾಡಿದರೆ ಸರಿಹೋಗುತ್ತದೆ ಅಂದುಕೊಳ್ಳಬೇಡ. ಅಕ್ಕಿಯಲ್ಲಿರುವ ಒಂದು ಬ್ಯಾಕ್ಟೀರಿಯಾದ ಬೀಜಕಣ ಬೇಯಿಸಿದರೂ ಸಾಯಲ್ಲ, ಹೊರಗಿಟ್ಟ ಅನ್ನದಲ್ಲಿ ಅದು ಬೆಳೆದು ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಅಗಲ ತಟ್ಟೆಯಲ್ಲಿ ಹರವಿ ಆರಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸು.

ಕೆಲಸದಿಂದ ಸುಸ್ತಾಗಿ ಬಂದು ಇದೆಲ್ಲ ಯಾರು ಮಾಡ್ತಾರೆ ಅಂತೀಯ, ಗೊತ್ತು. ಅದಕ್ಕೇ ಹಸಿವಾದಾಗ ಅಡುಗೆ ಶುರು ಮಾಡಬೇಡ. ಆಗ ಕೈ ಹೋಗೋದು ಫೋನಿನ ಕಡೆ, ಇಲ್ಲವೇ ಬಿಸ್ಕತ್ತಿನ ಡಬ್ಬಿ ಕಡೆ. ರಜಾ ದಿನ ಒಂದು ಕುಕ್ಕರ್ ಕಾಳು ಬೇಯಿಸಿ, ಒಂದೊಂದು ಹೊತ್ತಿಗಾಗುವಷ್ಟು ಚಿಕ್ಕ ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡು. ಆಮೇಲೆ ತರಕಾರಿ ತೊಳೆದು ಹೆಚ್ಚೋದಷ್ಟೇ ಉಳಿಯುತ್ತದೆ. ತೊಳೆದು ಹೆಚ್ಚು, ಹೆಚ್ಚಿ ತೊಳೆಯಬೇಡ, ಸತ್ವವೆಲ್ಲ ನೀರಲ್ಲಿ ಹೋಗುತ್ತದೆ.

ಇಷ್ಟೆಲ್ಲ ಮಾಡಿದೆ ಅಂತ ಡಾಕ್ಟರ್ ಕೊಟ್ಟ ಮಾತ್ರೆ ನಿಲ್ಲಿಸಬೇಡ. ಇಳಿದಿರೋ ಹಿಮೋಗ್ಲೋಬಿನ್ ಬರೀ ಊಟದಿಂದ ಬೇಗ ಮೇಲೇಳಲ್ಲ. ಮಾತ್ರೆಯನ್ನು ಹಾಲು, ಟೀ ಜೊತೆ ನುಂಗಬೇಡ. ಅವರು ಹೇಳಿದ ದಿನಕ್ಕೆ ಮತ್ತೆ ರಕ್ತ ಕೊಟ್ಟು, ಹೊಸ ರಿಪೋರ್ಟ್ ಕಳಿಸು.

ನಿನ್ನ ಅಪ್ಪ