ಟೂ-ಸ್ಟ್ರೋಕ್ ಬೈಕು ಜಪಾನಿನ ಕೊಡುಗೆಯಲ್ಲ

ಮಾನ್ಯ ಸಂಪಾದಕರೇ,

ಹಳೆಯ ಬೈಕುಗಳ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಯಮಹಾ ಆರ್‌ಎಕ್ಸ್ 100ರ ಸದ್ದು ಕೇಳಿದರೆ ಹೊರಳಿ ನೋಡುವವರು ಹುಬ್ಬಳ್ಳಿ-ಧಾರವಾಡದಲ್ಲಿ ಇಂದಿಗೂ ಕಡಿಮೆಯಿಲ್ಲವಾದ್ದರಿಂದ ಲೇಖಕರ ಅಭಿಮಾನ ಅರ್ಥವಾಗುವಂಥದ್ದೇ. ಆದರೆ ಟೂ-ಸ್ಟ್ರೋಕ್ ಬೈಕನ್ನು ಜಗತ್ತಿಗೆ ಕೊಟ್ಟವರು ಜಪಾನಿನವರು ಎಂಬ ಅವರ ಮಾತು ಸರಿಯಲ್ಲ. ಜಪಾನಿನ ಯಮಹಾ ತನ್ನ ಮೊದಲ ಬೈಕನ್ನು ಹೊರತಂದದ್ದು 1955ರಲ್ಲಿ, ಅದೂ ಜರ್ಮನಿಯ ಡಿಕೆಡಬ್ಲ್ಯು ಬೈಕನ್ನು ಮಾದರಿಯಾಗಿ ಮುಂದಿಟ್ಟುಕೊಂಡು. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು, 1908ರಲ್ಲಿ, ಉಣ್ಣೆ ಗಿರಣಿಗಳ ಊರಾದ ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಆಲ್ಫ್ರೆಡ್ ಆಂಗಸ್ ಸ್ಕಾಟ್ ಎಂಬವರು ಎರಡು ಸಿಲಿಂಡರಿನ ಟೂ-ಸ್ಟ್ರೋಕ್ ಬೈಕನ್ನು ತಯಾರಿಸಿದ್ದರು. ಮೊದಲ ಕೆಲವು ಗಾಡಿಗಳನ್ನು ಅದೇ ಊರಿನ ಜೋವೆಟ್ ಸಹೋದರರಿಂದ ಮಾಡಿಸಿದರು. ಮುಂದೆ ಅವರ ಕಾರ್ಖಾನೆ ನೆಲೆ ನಿಂತದ್ದು ನೆರೆಯ ಶಿಪ್ಲಿಯಲ್ಲಿ.

ಟೂ-ಸ್ಟ್ರೋಕ್ ತತ್ವವೇ ಸ್ಕಾಟ್ ಅವರದೆಂದು ನಾನು ವಾದಿಸುತ್ತಿಲ್ಲ. ಬ್ರಿಟಿಷ್ ಎಂಜಿನಿಯರುಗಳಾದ ಡುಗಾಲ್ಡ್ ಕ್ಲರ್ಕ್ ಮತ್ತು ಜೋಸೆಫ್ ಡೇ 19ನೇ ಶತಮಾನದಲ್ಲೇ ಅಂಥ ಎಂಜಿನ್ನುಗಳನ್ನು ರೂಪಿಸಿದ್ದರು. ಅದನ್ನು ಬೈಕಿಗೆ ಒಗ್ಗಿಸಿ, ಬೇಗ ಕಾಯುವ ಸಿಲಿಂಡರ್ ಹೆಡ್ಡನ್ನು ನೀರಿನಿಂದ ತಂಪಾಗಿಸಿ, ಸ್ಪರ್ಧೆಗಳಲ್ಲಿ ಗೆದ್ದು ತೋರಿಸಿದ್ದು ಸ್ಕಾಟ್ ಅವರ ಹಿರಿಮೆ. ಫೋರ್-ಸ್ಟ್ರೋಕ್ ಎಂಜಿನ್ನಿನ ಸಿಲಿಂಡರಿನಲ್ಲಿ ಕ್ರ್ಯಾಂಕ್ ಎಂಬ ತಿರುಗುವ ದಂಡ ಎರಡು ಸುತ್ತು ತಿರುಗಿದಾಗ ಒಮ್ಮೆ ಇಂಧನ ಉರಿದರೆ, ಟೂ-ಸ್ಟ್ರೋಕಿನಲ್ಲಿ ಪ್ರತಿ ಸುತ್ತಿಗೂ ಉರಿಯುತ್ತದೆ. ಇದು ನ್ಯಾಯವಲ್ಲವೆಂಬ ತಕರಾರಿಗೆ ಮಣಿದ ಸ್ಪರ್ಧಾ ಆಡಳಿತವು ಸ್ಕಾಟ್ ಎಂಜಿನ್ನಿನ ಸಿಸಿಯನ್ನು, ಅಂದರೆ ಗಾತ್ರವನ್ನು, 1.32ರಿಂದ ಗುಣಿಸಿ ದೊಡ್ಡ ಎಂಜಿನ್ನೆಂದೇ ಲೆಕ್ಕ ಹಿಡಿಯಬೇಕೆಂದು ಕಟ್ಟಳೆ ಮಾಡಿತು. ಸ್ಕಾಟ್ ಜಾಣರು, ಎದುರಾಳಿಗಳ ಈ ಅಂಜಿಕೆಯನ್ನೇ ತಮ್ಮ ಜಾಹೀರಾತಿಗೆ ಬಳಸಿಕೊಂಡರು. ಕಟ್ಟಳೆ ತೆರವಾದ ಬಳಿಕ ಐಲ್ ಆಫ್ ಮ್ಯಾನ್ ದ್ವೀಪದ ಸೀನಿಯರ್ ಟಿಟಿ (ಟೂರಿಸ್ಟ್ ಟ್ರೋಫಿ) ಬೈಕ್ ಓಟವನ್ನು 1912ರಲ್ಲಿ ಫ್ರಾಂಕ್ ಆಪಲ್‌ಬಿ, 1913ರಲ್ಲಿ ಟಿಮ್ ವುಡ್ ಗೆದ್ದದ್ದು ಸ್ಕಾಟ್ ಬೈಕಿನ ಮೇಲೆಯೇ.

ಸ್ಕಾಟ್ ಮೊದಲ ಮಹಾಯುದ್ಧದ ನಂತರ ಕಂಪನಿ ಬಿಟ್ಟು, ಮೂರು ಗಾಲಿಯ ವಾಹನವೊಂದರ ಬೆನ್ನು ಹತ್ತಿದರು. ಗುಹೆಗಳಿಗೆ ಇಳಿಯುವ ಹವ್ಯಾಸವಿದ್ದ ಅವರು, ಅಲ್ಲಿಂದ ಒದ್ದೆ ಬಟ್ಟೆಯಲ್ಲೇ ಮರಳಿ ನ್ಯುಮೋನಿಯಾಕ್ಕೆ ತುತ್ತಾಗಿ 1923ರಲ್ಲಿ ತೀರಿಕೊಂಡರು.

ಇನ್ನು, ಲೇಖಕರು ಮನಸಾರೆ ಕೊಂಡಾಡಿರುವ 'ಒಂದೇ ಕಿಕ್ಕಿಗೆ ಚಾಲೂ' ಎಂಬ ಗುಣದ ಬಗ್ಗೆ ಒಂದು ಮಾತು. ಬೈಕನ್ನು ತಳ್ಳುತ್ತ ಓಡಿಯೋ ಪೆಡಲ್ ತುಳಿದೋ ಚಾಲೂ ಮಾಡುತ್ತಿದ್ದ ಕಾಲದಲ್ಲಿ ಅದಕ್ಕೆ ಕಿಕ್ ಸ್ಟಾರ್ಟರ್ ಜೋಡಿಸಿದ ಮೊದಲಿಗರಲ್ಲಿಯೂ ಸ್ಕಾಟ್ ಒಬ್ಬರು. ತಿದ್ದುಪಡಿ ಪ್ರಕಟಿಸುವುದಾದರೆ ಇದನ್ನೂ ಸೇರಿಸಬೇಕೆಂದು ಕೋರುತ್ತೇನೆ.

ಇಂತಿ,
ಓರ್ವ ಓದುಗ, ವಿದ್ಯಾನಗರ, ಹುಬ್ಬಳ್ಳಿ